ಆಟದ ಬೊಂಬೆಯ ಉಡುಪು

1971ರ ಕೊನೆಯ ಭಾಗದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ನಟಿಂಗ್ ಅಸೋಸಿಯೇಟ್ಸ್ ಎಂಬ ಕಂಪೆನಿ 'ಕಂಪ್ಯೂಟರ್ ಸ್ಪೇಸ್' ಎಂಬ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. ನಾಣ್ಯ ಹಾಕಿ ಆಡುವ ವಿಡಿಯೋ ಗೇಮ್‌ಗಳಲ್ಲಿ ಕಾರ್ಖಾನೆಯಲ್ಲಿ ಸಾಲುಸಾಲಾಗಿ ತಯಾರಾಗಿ ಮಾರಾಟಕ್ಕೆ ಬಂದ ಮೊದಲನೆಯದು ಅದು. ರೂಪಿಸಿದವರು ನೋಲನ್ ಬುಶ್ನೆಲ್ ಮತ್ತು ಟೆಡ್ ಡಾಬ್ನಿ. ಮರುವರ್ಷ ಅಟಾರಿ ಕಂಪೆನಿ ಕಟ್ಟಿದವರೂ ಇವರೇ. ಆ ಆಟದಲ್ಲಿದ್ದುದು ಕಪ್ಪು ಆಕಾಶ, ಬಿಳಿ ಚುಕ್ಕೆಗಳು, ಒಂದು ರಾಕೆಟ್, ಎರಡು ಹಾರುವ ತಟ್ಟೆ, ಇಷ್ಟೇ. ಮನುಷ್ಯಾಕೃತಿ ಎಂಬುದೇ ಅದರಲ್ಲಿ ಇರಲಿಲ್ಲ. ಆದರೆ ಆ ಯಂತ್ರವನ್ನು ಮಾರಲು ಅಚ್ಚು ಹಾಕಿಸಿದ ಕರಪತ್ರದಲ್ಲಿ ಮೈ ಕಾಣುವಷ್ಟು ತೆಳುವಾದ ನಿಲುವಂಗಿ ತೊಟ್ಟ ಯುವತಿಯೊಬ್ಬಳು ಯಂತ್ರಕ್ಕೆ ಒರಗಿದಂತೆ ನಿಂತಿದ್ದಾಳೆ. ರಾಕೆಟ್‌ಗೂ ಆಕೆಗೂ ಏನು ಸಂಬಂಧ ಎಂದು ಆಗ ಯಾರೂ ಕೇಳಿದಂತಿಲ್ಲ.

ವಿಡಿಯೋ ಗೇಮ್‌ಗಳಲ್ಲಿ ಹೆಣ್ಣಿನ ಅಂಗಪ್ರದರ್ಶನದ ಬಗ್ಗೆ ಮಾತು ಬಂದಾಗಲೆಲ್ಲ ನನಗೆ ಈ ಕರಪತ್ರ ನೆನಪಾಗುತ್ತದೆ. ತಂತ್ರಜ್ಞಾನ ಬೆಳೆಯಿತು, ಚಿತ್ರ ಸ್ಪಷ್ಟವಾಯಿತು, ಹಾಗಾಗಿ ಅಶ್ಲೀಲತೆಯೂ ಬಂತು ಎಂಬುದು ಸಾಮಾನ್ಯ ವಿವರಣೆ. ಚರಿತ್ರೆ ಹೇಳುವುದು ಬೇರೆ. ಪರದೆಯ ಮೇಲೆ ಹೆಣ್ಣನ್ನು ಬಿಡಿಸಲು ಯಂತ್ರಕ್ಕೆ ಶಕ್ತಿ ಬರುವುದಕ್ಕೆ ಮೊದಲೇ ಆಕೆ ಜಾಹೀರಾತಿಗೆ ಬಂದಾಗಿತ್ತು. ಆಟದೊಳಗೆ ಆಕೆ ಕಾಲಿಟ್ಟದ್ದು ಅನಂತರ, ಅಂಗಡಿಯ ಬೋರ್ಡಿನಿಂದ ಇಳಿದು ಒಳಗೆ ನಡೆದು ಬಂದ ಹಾಗೆ.

1973ರಲ್ಲಿ ಅಟಾರಿ ಕಂಪೆನಿ 'ಗಾಚಾ' ಎಂಬ ಆಟ ತಂದಿತು. ಚಕ್ರವ್ಯೂಹದಂಥ ದಾರಿಗಳಲ್ಲಿ ಒಂದು ಚೌಕ ಇನ್ನೊಂದು ಗುರುತನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯಬೇಕು. ಮಕ್ಕಳ ಮುಟ್ಟಾಟದಷ್ಟೇ ಸರಳ. ಆದರೆ ಆಡುವ ಹಿಡಿಕೆಗಳ ಜಾಗದಲ್ಲಿ ಗುಲಾಬಿ ಬಣ್ಣದ ಎರಡು ರಬ್ಬರಿನ ಗುಮ್ಮಟಗಳಿದ್ದವು. ಅವು ಯಾವುದರ ಅನುಕರಣೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಅದರ ಕರಪತ್ರದಲ್ಲಿ ರಾತ್ರಿಯುಡುಪಿನ ಹೆಂಗಸೊಬ್ಬಳನ್ನು ಗಂಡಸೊಬ್ಬ ಬೆನ್ನಟ್ಟುತ್ತಿದ್ದಾನೆ. ಮುಂದೆ ಆ ರಬ್ಬರ್ ತೆಗೆದು ಮಾಮೂಲಿ ಹಿಡಿಕೆ ಹಾಕಿದರು. ಯಂತ್ರಗಳು ಇರುತ್ತಿದ್ದುದು ಬಾರುಗಳಲ್ಲಿ, ಬೌಲಿಂಗ್ ಹಾಲ್‌ಗಳಲ್ಲಿ. ಅಲ್ಲಿ ಕಿಸೆಯಲ್ಲಿ ಚಿಲ್ಲರೆ ಇಟ್ಟುಕೊಂಡು ನಿಂತಿರುವವನು ಗಂಡಸು ಎಂಬುದು ತಯಾರಕರ ಲೆಕ್ಕ.

1981ರ ಇನ್ನೊಂದು ಉದಾಹರಣೆ ಇದಕ್ಕಿಂತ ವಿಚಿತ್ರ. 'ಸಾಫ್ಟ್‌ಪೋರ್ನ್ ಅಡ್ವೆಂಚರ್' ಎಂಬ ಆ ಕಂಪ್ಯೂಟರ್ ಆಟದಲ್ಲಿ ಚಿತ್ರವೇ ಇಲ್ಲ, ಬರೀ ಅಕ್ಷರ. ಪರದೆಯ ಮೇಲೆ ಬರುವ ವಾಕ್ಯ ಓದಬೇಕು, ಉತ್ತರ ಟೈಪ್ ಮಾಡಬೇಕು. ಆದರೆ ಪೊಟ್ಟಣದ ಮೇಲೆ ನೀರಿನ ತೊಟ್ಟಿಯಲ್ಲಿ ಕುಳಿತ ಮೂವರು ಬತ್ತಲೆ ಮಹಿಳೆಯರ ಛಾಯಾಚಿತ್ರವಿತ್ತು. ಅವರಲ್ಲೊಬ್ಬರು ರೊಬರ್ಟಾ ವಿಲಿಯಮ್ಸ್. ಆಟ ಪ್ರಕಟಿಸಿದ ಆನ್‌ಲೈನ್ ಸಿಸ್ಟಮ್ಸ್ ಕಂಪೆನಿಯನ್ನು ಗಂಡನ ಜೊತೆ ಸೇರಿ ಕಟ್ಟಿದಾಕೆ. ಸ್ವತಃ ಆಟಗಳನ್ನು ರಚಿಸುತ್ತಿದ್ದ, ಮುಂದೆ 'ಕಿಂಗ್ಸ್ ಕ್ವೆಸ್ಟ್' ಸರಣಿಯಿಂದ ಲೋಕಪ್ರಸಿದ್ಧಳಾದ ಪ್ರತಿಭಾವಂತೆ. ಕಂಪೆನಿಯ ಒಡತಿಯೇ ಪೊಟ್ಟಣದ ಮೇಲೆ ಕುಳಿತಿದ್ದನ್ನು ಶೋಷಣೆ ಎಂಬ ಒಂದು ಪದದಲ್ಲಿ ಮುಗಿಸಲಾಗದು. ಮಾರುಕಟ್ಟೆಯಲ್ಲಿ ಯಾವ ನಾಣ್ಯ ಚಲಾವಣೆಯಲ್ಲಿದೆ ಎಂಬುದು ಆಕೆಗೂ ಗೊತ್ತಿತ್ತು ಎನ್ನುವುದೇ ಸರಿ.

ಮರುವರ್ಷ ಬಂದದ್ದನ್ನು ಮಾತ್ರ ಹೀಗೆ ಮೃದುವಾಗಿ ನೋಡಲು ಸಾಧ್ಯವಿಲ್ಲ. 1982ರಲ್ಲಿ ಮಿಸ್ಟಿಕ್ ಎಂಬ ಹೆಸರಿನಡಿ 'ಕಸ್ಟರ್ಸ್ ರಿವೆಂಜ್' ಎಂಬ ಆಟ ಬಿಡುಗಡೆಯಾಯಿತು. ಅಮೆರಿಕದ ಮೂಲನಿವಾಸಿಗಳ ಮೇಲೆ ದಂಡೆತ್ತಿ ಹೋಗಿ 1876ರಲ್ಲಿ ಅವರ ಕೈಯಲ್ಲೇ ಸತ್ತ ಸೇನಾಧಿಕಾರಿ ಕಸ್ಟರ್. ಆಟದಲ್ಲಿ ಅವನು ಬತ್ತಲಾಗಿ, ಬಾಣಗಳಿಂದ ತಪ್ಪಿಸಿಕೊಳ್ಳುತ್ತಾ, ಕಂಬಕ್ಕೆ ಕಟ್ಟಿಹಾಕಿದ ಮೂಲನಿವಾಸಿ ಹೆಣ್ಣನ್ನು ತಲುಪಬೇಕು. ತಲುಪಿ ಮಾಡುವ ಕೆಲಸಕ್ಕೆ ಅಂಕ ಸಿಗುತ್ತದೆ. ಸೋತ ಯುದ್ಧಕ್ಕೆ ಹೆಣ್ಣಿನ ಮೈಯ ಮೇಲೆ ಸೇಡು! ಬೆಲೆ 49 ಡಾಲರ್ 95 ಸೆಂಟ್. ಪರದೆಯ ಮೇಲೆ ಆ ಹೆಣ್ಣೆಂದರೆ ಕೆಲವೇ ಬಣ್ಣದ ಚೌಕಗಳು. ಅದರಲ್ಲಿ ಮೋಹಗೊಳ್ಳುವಂಥದ್ದು ಏನೂ ಇಲ್ಲ. ಹಾಗಿದ್ದೂ ಮಹಿಳಾ ಸಂಘಟನೆಗಳು, ಮೂಲನಿವಾಸಿಗಳ ಸಂಘಟನೆಗಳು ನ್ಯೂಯಾರ್ಕಿನಲ್ಲಿ ಬೀದಿಗಿಳಿದವು. ಅವರು ಚೌಕಗಳನ್ನು ನೋಡಿ ಸಿಟ್ಟಾದವರಲ್ಲ, ಅಂಕ ಯಾವುದಕ್ಕೆ ಕೊಡುತ್ತಾರೆ ಎಂಬುದನ್ನು ನೋಡಿ ಸಿಟ್ಟಾದವರು. ತನ್ನ ಯಂತ್ರದಲ್ಲಿ ಆಡುವಂತೆ ಈ ಆಟ ಮಾಡಲಾಗಿದೆ ಎಂಬ ಕಾರಣಕ್ಕೆ ಅಟಾರಿಯೇ ನ್ಯಾಯಾಲಯಕ್ಕೆ ಹೋಯಿತು. ಗುಲಾಬಿ ರಬ್ಬರಿನ ಗುಮ್ಮಟ ಮಾಡಿದ ಕಂಪೆನಿಯೇ ಈಗ ಮರ್ಯಾದೆಯ ಬಗ್ಗೆ ಮಾತಾಡಬೇಕಾಗಿ ಬಂತು. ಅಮೆರಿಕದಲ್ಲಿ ವಿಡಿಯೋ ಗೇಮ್ ಮಾರುಕಟ್ಟೆಯೇ ಕುಸಿದ 1983ರಲ್ಲಿ ಮಿಸ್ಟಿಕ್ ಕೂಡ ಮುಳುಗಿತು.

ಬೇರೆ ದಾರಿ ಇರಲಿಲ್ಲವೇ ಎಂದರೆ, ಇತ್ತು. ಅದೇ ಕಾಲದಲ್ಲಿ, ಕಣ್ಣೆದುರಿಗೇ ಇತ್ತು. ಜಪಾನಿನ ನಾಮ್ಕೋ ಕಂಪೆನಿಯಲ್ಲಿದ್ದ ತೋರು ಇವಾಟಾನಿ ಎಂಬ ಯುವಕ, ಆಟದ ಅಂಗಡಿಗಳು ಬರೀ ಗಂಡು ಹುಡುಗರ ಅಡ್ಡೆಯಾಗಿವೆ, ಅಲ್ಲಿಗೆ ಹುಡುಗಿಯರೂ ಬರಬೇಕು ಎಂದು ಯೋಚಿಸಿ 1980ರಲ್ಲಿ ರೂಪಿಸಿದ್ದೇ 'ಪ್ಯಾಕ್‌ಮನ್'. ಕೊಲ್ಲುವುದರ ಬದಲು ತಿನ್ನುವ ಆಟ. 1982ರಲ್ಲಿ ಅಮೆರಿಕದಲ್ಲಿ ಅದರ ಜೋಡಿಯಾಗಿ 'ಮಿಸ್ ಪ್ಯಾಕ್‌ಮನ್' ಬಂತು. ಅದೇ ಹಳದಿ ಉಂಡೆ; ತಲೆಗೊಂದು ರಿಬ್ಬನ್, ತುಟಿಗೆ ಕೆಂಪು, ಕೆನ್ನೆಗೊಂದು ಮಚ್ಚೆ. ಹೆಣ್ಣೆಂದರೆ ರಿಬ್ಬನ್ನೇ ಎಂದು ಯಾರಾದರೂ ತಕರಾರು ತೆಗೆಯಬಹುದು, ತೆಗೆಯಲಿ. ಆದರೆ ಮೈ ತೋರಿಸದ ಈ ಉಂಡೆಯ ಯಂತ್ರಗಳು ಒಂದು ಲಕ್ಷಕ್ಕೂ ಹೆಚ್ಚು ಮಾರಾಟವಾದವು. ಕಂಪ್ಯೂಟರ್ ಸ್ಪೇಸ್ ಮಾರಾಟವಾದದ್ದು ಒಂದೂವರೆ ಸಾವಿರದೊಳಗೆ. ಮೈ ತೋರಿಸಿದರೆ ಮಾತ್ರ ಮಾರಾಟ ಎಂಬ ಮಾತು ವ್ಯಾಪಾರದ ಲೆಕ್ಕದಲ್ಲೂ ನಿಲ್ಲುವುದಿಲ್ಲ.

ಮತ್ತೆ ಆ ದಾರಿ ಏಕೆ ಮುಚ್ಚಿತು? 1983ರ ಕುಸಿತದ ನಂತರ ಅಮೆರಿಕಕ್ಕೆ ಬಂದ ಜಪಾನಿನ ನಿಂಟೆಂಡೊ ತನ್ನ ಯಂತ್ರವನ್ನು ಆಟಿಕೆ ಅಂಗಡಿಗಳಲ್ಲಿಟ್ಟು ಮಾರಿತು. ಅಲ್ಲಿ ಗಂಡು ಮಕ್ಕಳ ಸಾಲು ಬೇರೆ, ಹೆಣ್ಣು ಮಕ್ಕಳ ಸಾಲು ಬೇರೆ. ಎಲ್ಲಾದರೂ ಒಂದು ಕಡೆ ಇಡಲೇಬೇಕು. ಗಂಡು ಮಕ್ಕಳ ಸಾಲಿನಲ್ಲಿಟ್ಟರು. ಅಲ್ಲಿಂದ ಜಾಹೀರಾತು, ಪತ್ರಿಕೆಗಳು, ಆಟಗಳ ಕಥೆ ಎಲ್ಲವೂ ಆ ಹುಡುಗನ ಕಡೆಗೆ ತಿರುಗಿದವು. ಆ ಹುಡುಗ ಬೆಳೆದ. ಅವನ ಜೊತೆಗೆ ಆಟದ ಬೊಂಬೆಯೂ 'ಬೆಳೆಯಿತು'.

1986ರಲ್ಲಿ ಇದೇ ನಿಂಟೆಂಡೊ ತಂದ 'ಮೆಟ್ರಾಯ್ಡ್' ಇದಕ್ಕೆ ಒಳ್ಳೆಯ ಸಾಕ್ಷಿ. ತಲೆಯಿಂದ ಕಾಲಿನವರೆಗೆ ಕವಚ ತೊಟ್ಟ ಸಾಮಸ್ ಎಂಬ ಯೋಧ ಅನ್ಯಗ್ರಹದಲ್ಲಿ ಹೋರಾಡುವ ಕಥೆ. ಆಟದ ಜೊತೆ ಕೊಡುತ್ತಿದ್ದ ಇಂಗ್ಲಿಷ್ ಕೈಪಿಡಿಯೂ ಸಾಮಸ್‌ನನ್ನು 'ಅವನು' ಎಂದೇ ಕರೆಯುತ್ತದೆ. ಆಟ ಮುಗಿದಾಗ ಕವಚ ಕಳಚುತ್ತದೆ, ನೋಡಿದರೆ ಹೆಣ್ಣು! ಇಷ್ಟು ಹೊತ್ತು ನಾನು ಆಡಿದ್ದು ಹೆಣ್ಣಾಗಿ ಎಂದು ಹುಡುಗ ಬೆರಗಾಗುತ್ತಾನೆ. ಕಥೆ ಬರೆಯುವ ನನ್ನಂಥವರಿಗೆ ಹೊಟ್ಟೆಕಿಚ್ಚು ಹುಟ್ಟಿಸುವಂಥ ಅಂತ್ಯ ಅದು. ಆದರೆ ಅಲ್ಲಿಗೆ ನಿಲ್ಲಿಸಲಿಲ್ಲ. ಎಷ್ಟು ಬೇಗ ಆಟ ಮುಗಿಸುತ್ತೀರೋ ಅಷ್ಟು ಕಡಿಮೆ ಬಟ್ಟೆ. ಮೂರು ಗಂಟೆಯೊಳಗೆ ಮುಗಿಸಿದರೆ ಮೈಗಂಟಿದ ಉಡುಪು. ಒಂದು ಗಂಟೆಯೊಳಗೆ ಮುಗಿಸಿದರೆ ಬಿಕಿನಿ. ಆಟದುದ್ದಕ್ಕೂ ಗೆದ್ದವಳು ಆಕೆ. ಕೊನೆಯಲ್ಲಿ ಬಹುಮಾನವಾದವಳೂ ಆಕೆಯೇ.

ತೊಂಬತ್ತರ ದಶಕದಲ್ಲಿ ಜಪಾನಿನ ಹೊಡೆದಾಟದ ಆಟಗಳು ಲೋಕವೆಲ್ಲ ಹಬ್ಬಿದವು. 1991ರ 'ಸ್ಟ್ರೀಟ್ ಫೈಟರ್ 2'ರಲ್ಲಿ ಎಂಟು ಮಂದಿ ಹೋರಾಟಗಾರರ ನಡುವೆ ಒಬ್ಬಳೇ ಹೆಣ್ಣು, ಚುನ್ ಲೀ. ತಂದೆಯನ್ನು ಕೊಂದವನನ್ನು ಹುಡುಕುತ್ತಿರುವ ಪೊಲೀಸ್ ಅಧಿಕಾರಿ. ಅಕಿರಾ ಯಾಸುದಾ ಎಂಬ ಕಲಾವಿದ ಆಕೆಗೆ ಚೀನೀ ಉಡುಪು ತೊಡಿಸಿ ತೊಡೆಗಳನ್ನು ಕುಸ್ತಿಪಟುವಿನ ತೊಡೆಗಳಂತೆ ಬಿಡಿಸಿದ. ಆಕೆಯ ಒದೆಯ ರಭಸಕ್ಕೆ ಆ ತೊಡೆಗಳು ಬೇಕು. ನೋಡುವವನ ಕಣ್ಣಿಗೂ ಬೇಕು. ಎರಡನ್ನೂ ಒಂದೇ ಗೆರೆಯಲ್ಲಿ ಸಾಧಿಸಿದ್ದು ಅವನ ಜಾಣತನ. ಮರುವರ್ಷ ಎಸ್‌ಎನ್‌ಕೆ ಕಂಪೆನಿ 'ಫೇಟಲ್ ಫ್ಯೂರಿ 2'ರಲ್ಲಿ ಮಾಯ್ ಶಿರನುಯಿ ಎಂಬ ಪಾತ್ರವನ್ನು ತಂದಾಗ ಈ ಸಮತೋಲ ತಪ್ಪಿತು. ಎದೆ, ಸೊಂಟದ ಪಕ್ಕ ತೆರೆದ ಕೆಂಪು ಉಡುಪು. ಸುಮ್ಮನೆ ನಿಂತಾಗಲೂ ಕುಲುಕುವ ಎದೆ. ಹೊಡೆತಕ್ಕೂ ಅದಕ್ಕೂ ಸಂಬಂಧವಿಲ್ಲ. 1996ರ 'ಡೆಡ್ ಆರ್ ಅಲೈವ್' ಆ ಕುಲುಕಾಟವನ್ನೇ ತನ್ನ ಗುರುತಾಗಿಸಿಕೊಂಡಿತು. 2003ರ ಹೊತ್ತಿಗೆ ಅದರ ಹೋರಾಟಗಾರ್ತಿಯರನ್ನು ಹೊಡೆದಾಟ ಬಿಡಿಸಿ, ಬಿಕಿನಿ ತೊಡಿಸಿ, ಸಮುದ್ರದಂಡೆಯಲ್ಲಿ ವಾಲಿಬಾಲ್ ಆಡಲು ಕಳುಹಿಸಲಾಯಿತು. ಆ ಸರಣಿಯ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವುದಕ್ಕೆ ಏನೂ ಇಲ್ಲ.

ಬರೆಯಬೇಕಾದ್ದು ಲಾರಾ ಕ್ರಾಫ್ಟ್ ಬಗ್ಗೆ. ಇಂಗ್ಲೆಂಡಿನ ಡರ್ಬಿ ಪಟ್ಟಣದಲ್ಲಿ ಕೋರ್ ಡಿಸೈನ್ ಎಂಬ ಸಣ್ಣ ಸಂಸ್ಥೆ ಇತ್ತು. ಅಲ್ಲಿ ಇಪ್ಪತ್ತರ ಹರೆಯದ ಟೋಬಿ ಗಾರ್ಡ್ ಎಂಬಾತ ಹಳೆಯ ಗೋರಿಗಳಲ್ಲಿ ನಿಧಿ ಹುಡುಕುವ ಆಟವೊಂದನ್ನು ಕಲ್ಪಿಸಿದ. ಮೊದಲು ನಾಯಕ ಗಂಡು. ಅದು ಇಂಡಿಯಾನಾ ಜೋನ್ಸ್ ಸಿನಿಮಾದ ನಕಲಿನಂತೆ ಕಂಡಿದ್ದರಿಂದ ನಾಯಕಿ ಬಂದಳು. ಆರಂಭದಲ್ಲಿ ಆಕೆ ಲಾರಾ ಕ್ರೂಜ್ ಎಂಬ ದಕ್ಷಿಣ ಅಮೆರಿಕದ ಹೆಣ್ಣು. ಆಮೇಲೆ ಇಂಗ್ಲಿಷ್ ಶ್ರೀಮಂತ ಮನೆತನದ ಲಾರಾ ಕ್ರಾಫ್ಟ್ ಆದಳು. ಯಾರ ಹಂಗಿಗೂ ಬೀಳದ, ಒಂಟಿಯಾಗಿ ತೋಳ ಕರಡಿಗಳನ್ನು ಎದುರಿಸುವ, ಕೈಗೆ ಎಟುಕದ ಹೆಣ್ಣು ಆಕೆ ಎಂಬುದು ಗಾರ್ಡ್‌ನ ಕಲ್ಪನೆ. 1996ರ ಕೊನೆಯಲ್ಲಿ ಬಿಡುಗಡೆಯಾದ 'ಟೂಂಬ್ ರೈಡರ್' ಸುಮಾರು 70 ಲಕ್ಷ ಪ್ರತಿ ಮಾರಾಟವಾಯಿತು.

ಆಗಿನ ಯಂತ್ರಗಳ ಮಿತಿಯಲ್ಲಿ ಲಾರಾಳ ಮೈ ಎಂದರೆ ಸುಮಾರು 540 ಚಪ್ಪಟೆ ತುಂಡುಗಳ ಜೋಡಣೆ. ಎದೆ ಎರಡು ಚೂಪು ಶಂಕುಗಳು. ಅಳತೆ ಬದಲಿಸುವಾಗ ಕೈತಪ್ಪಿ ಎದೆ ಒಂದೂವರೆ ಪಟ್ಟಾಯಿತು, ನೋಡಿದವರು ಹಾಗೇ ಇರಲಿ ಎಂದರು ಎಂಬ ಕಥೆಯೊಂದು ಪ್ರಚಾರದಲ್ಲಿದೆ. ತಮಾಷೆಗೆ ಹೇಳಿದ್ದಿರಬಹುದು. ಆದರೆ 'ಕೈತಪ್ಪಿ ಆಯಿತು' ಎಂಬ ಅರ್ಧಕ್ಕಿಂತ 'ಹಾಗೇ ಇರಲಿ ಎಂದರು' ಎಂಬ ಅರ್ಧವೇ ನನಗೆ ಮುಖ್ಯವಾಗಿ ಕಾಣುತ್ತದೆ.

ಆಟವನ್ನು ಆಡಿ ನೋಡಿದರೆ ಲಾರಾ ಅಷ್ಟೇನೂ ಮೋಹಿನಿಯಲ್ಲ. ಓಡುತ್ತಾಳೆ, ಹಾರುತ್ತಾಳೆ, ಬಂಡೆ ತಳ್ಳುತ್ತಾಳೆ, ಕಾಲು ಜಾರಿದರೆ ಸಾಯುತ್ತಾಳೆ. ಗಂಟೆಗಟ್ಟಲೆ ಆಕೆಯ ಜೊತೆ ಕತ್ತಲ ಗುಹೆಗಳಲ್ಲಿ ದಾರಿ ಹುಡುಕುವವನಿಗೆ ತಾನು ಬದುಕಿ ಉಳಿಯುವುದೇ ಚಿಂತೆ. ಆಟ ಆಡಿದ ಹುಡುಗಿಯರೂ ಲಕ್ಷಗಟ್ಟಲೆ ಇದ್ದರು. ಪರದೆಯ ಮೇಲೆ ಬಂದೂಕು ಹಿಡಿದು ತಾವೇ ದಾರಿ ಮಾಡಿಕೊಳ್ಳುವ ಹೆಣ್ಣನ್ನು ಅವರು ಮೊದಲ ಬಾರಿಗೆ ಕಂಡಿದ್ದರು. ಆದರೆ ಆಟದ ಹೊರಗೆ, ಜಾಹೀರಾತಿನಲ್ಲಿ, ಪ್ರಕಾಶಕರಾದ ಐಡಾಸ್ ಕಂಪೆನಿಯವರು ಇನ್ನೊಬ್ಬ ಲಾರಾಳನ್ನು ಹುಟ್ಟುಹಾಕಿದರು. ಪತ್ರಿಕೆಗಳ ಮುಖಪುಟಕ್ಕೆ ಮೈ ಬಳುಕಿಸಿ ಮಲಗಿದ ಲಾರಾ. ಮೇಳಗಳಲ್ಲಿ ಆಕೆಯ ಉಡುಪು ತೊಟ್ಟು ನಿಲ್ಲಲು ಒಬ್ಬಳ ನಂತರ ಒಬ್ಬಳಂತೆ ಬಾಡಿಗೆ ಮಾಡೆಲ್‌ಗಳು. ಗುಹೆಯ ಲಾರಾಳಿಗೂ ಮುಖಪುಟದ ಲಾರಾಳಿಗೂ ಸಂಬಂಧ ಕಡಿದುಹೋಯಿತು. ತಾನು ಹೆತ್ತ ಪಾತ್ರದ ಮೇಲೆ ತನಗೆ ಹಿಡಿತವಿಲ್ಲದಂತಾದುದನ್ನು ಕಂಡ ಗಾರ್ಡ್, ದುಡ್ಡು ಹರಿದು ಬರುತ್ತಿದ್ದ ಹೊತ್ತಿನಲ್ಲೇ, 1997ರಲ್ಲಿ ಸಂಸ್ಥೆ ಬಿಟ್ಟು ಹೊರನಡೆದ.

ಆಮೇಲೆ ನಡೆದದ್ದು ನಗು ತರಿಸುವಂಥದ್ದು. ಕೆಲವರು ಲಾರಾಳ ಬಟ್ಟೆ ಕಳಚುವ ಪುಟ್ಟ ಪ್ರೋಗ್ರಾಂ ಬರೆದು ಇಂಟರ್ನೆಟ್‌ನಲ್ಲಿ ಹಂಚಿದರು. ಐಡಾಸ್ ಅವರಿಗೆ ನೋಟಿಸು ಕಳುಹಿಸಿತು. ಲಾರಾ ಆಗಿ ಮೇಳಗಳಲ್ಲಿ ನಿಂತಿದ್ದ ನೆಲ್ ಮೆಕ್‌ಆಂಡ್ರೂ 1999ರಲ್ಲಿ 'ಪ್ಲೇಬಾಯ್' ಪತ್ರಿಕೆಗೆ ಬತ್ತಲಾಗಿ ಚಿತ್ರ ತೆಗೆಸಿಕೊಂಡಾಗ, ಅದರ ಜೊತೆ ಲಾರಾಳ ಹೆಸರು ಬಳಸಿದ್ದಕ್ಕೆ ಮತ್ತೆ ಕೋರ್ಟು. ಅರ್ಧ ಕಳಚುವ ಹಕ್ಕು ನಮ್ಮದು, ಪೂರ್ತಿ ಕಳಚುವ ಹಕ್ಕು ಯಾರಿಗೂ ಇಲ್ಲ ಎಂಬುದು ಕಂಪೆನಿಯ ನಿಲುವು. ಮಾನದ ಪ್ರಶ್ನೆ ಎಂದು ನಮಗೆ ಕಾಣುವುದು ಅಲ್ಲಿ ಒಡೆತನದ ಪ್ರಶ್ನೆಯಾಗಿತ್ತು.

2003ರಲ್ಲಿ ಒಂದು ಲಾರಾ ಆಟ ನೆಲಕಚ್ಚಿದ ಮೇಲೆ ಸರಣಿ ಡರ್ಬಿಯಿಂದ ಕ್ಯಾಲಿಫೋರ್ನಿಯಾದ ಕ್ರಿಸ್ಟಲ್ ಡೈನಾಮಿಕ್ಸ್‌ಗೆ ಹೋಯಿತು. 2013ರಲ್ಲಿ ಹೊಸ ಲಾರಾ ಬಂದಳು. ಚಡ್ಡಿಯ ಬದಲು ಪ್ಯಾಂಟು, ಮೈಗೆ ಮಣ್ಣು, ರಕ್ತ, ಮುಖದಲ್ಲಿ ಭಯ. ಮುಖ್ಯ ಕಥೆಗಾರ್ತಿ ರಿಯಾನಾ ಪ್ರಾಚೆಟ್. ಮೊದಲ ತಿಂಗಳ ಮಾರಾಟ 34 ಲಕ್ಷವಾದರೂ ನಿರೀಕ್ಷೆ ಮುಟ್ಟಲಿಲ್ಲ ಎಂದು ಪ್ರಕಾಶಕರು ಗೊಣಗಿದರು. ವರ್ಷಗಳಲ್ಲಿ ಅದು ಕೋಟಿ ದಾಟಿತು. ಮೈ ಮುಚ್ಚಿದರೆ ಮಾರಾಟವಾಗದು ಎನ್ನುತ್ತಿದ್ದವರು ಆ ಲೆಕ್ಕದ ಬಗ್ಗೆ ಮೌನವಾಗಿದ್ದಾರೆ.

ಸರ್ಕಾರಗಳು ಏನು ಮಾಡಿದವು ಎಂದು ಕೇಳಬಹುದು. 1993ರ ಡಿಸೆಂಬರಿನಲ್ಲಿ ಅಮೆರಿಕದ ಸೆನೆಟ್ ವಿಚಾರಣೆ ನಡೆಸಿತು. ಅದರ ಒತ್ತಡದಿಂದ 1994ರಲ್ಲಿ ಆಟಗಳಿಗೆ ವಯಸ್ಸಿನ ಚೀಟಿ ಅಂಟಿಸುವ ಮಂಡಳಿ ಬಂತು. ಈ ಚೀಟಿ ಎಷ್ಟು ಮೈ ಕಾಣುತ್ತದೆ, ಎಷ್ಟು ರಕ್ತ ಹರಿಯುತ್ತದೆ ಎಂದು ಅಳೆಯುತ್ತದೆ. ಆ ಹೆಣ್ಣು ಅಲ್ಲಿ ಏಕಿದ್ದಾಳೆ ಎಂದು ಕೇಳುವ ಅಳತೆಗೋಲು ಅದರಲ್ಲಿಲ್ಲ.

ಆ ಪ್ರಶ್ನೆ ಕೇಳಿದ್ದು ಅನಿತಾ ಸರ್ಕೀಸಿಯನ್ ಎಂಬ ವಿಮರ್ಶಕಿ. ಆಟಗಳಲ್ಲಿ ಹೆಣ್ಣನ್ನು ಹೇಗೆ ಚಿತ್ರಿಸುತ್ತಾರೆ ಎಂದು ವಿಡಿಯೋ ಸರಣಿ ಮಾಡಲು 2012ರಲ್ಲಿ ಸಾರ್ವಜನಿಕರಿಂದ 6,000 ಡಾಲರ್ ಕೇಳಿದಳು. ಬೆದರಿಕೆ, ಬೈಗುಳಗಳ ಮಳೆ ಸುರಿಯಿತು. ಆಕೆಯ ಚಿತ್ರದ ಮುಖಕ್ಕೆ ಗುದ್ದಿ ಗುದ್ದಿ ಗಾಯ ಮಾಡುವ ಆಟವನ್ನೇ ಒಬ್ಬ ತಯಾರಿಸಿದ. ಅದಕ್ಕೆ ಉತ್ತರವೆಂಬಂತೆ ಬೆಂಬಲಿಗರು 1,58,000 ಡಾಲರಿಗೂ ಹೆಚ್ಚು ಕೊಟ್ಟರು. 2014ರ ಅಕ್ಟೋಬರಿನಲ್ಲಿ ಯೂಟಾ ರಾಜ್ಯ ವಿಶ್ವವಿದ್ಯಾಲಯದಲ್ಲಿ ಆಕೆ ಮಾತಾಡಬೇಕಿತ್ತು. ಸಭಿಕರನ್ನು ಗುಂಡಿಟ್ಟು ಕೊಲ್ಲುವುದಾಗಿ ಅನಾಮಧೇಯ ಪತ್ರ ಬಂತು. ಪರವಾನಗಿ ಇದ್ದವರು ಸಭೆಗೆ ಬಂದೂಕು ತರುವುದನ್ನು ಅಲ್ಲಿನ ಕಾನೂನಿನ ಪ್ರಕಾರ ತಡೆಯಲಾಗದು ಎಂದು ಗೊತ್ತಾದಾಗ ಆಕೆ ಭಾಷಣ ರದ್ದು ಮಾಡಿದಳು. ಬೊಂಬೆಯ ಬಟ್ಟೆಯ ಬಗ್ಗೆ ಮಾತಾಡಿದ್ದಕ್ಕೆ ಜೀವಂತ ಹೆಣ್ಣಿಗೆ ಸಾವಿನ ಬೆದರಿಕೆ. ಬೊಂಬೆಯನ್ನು ನೋಡುವ ಹಕ್ಕು ತಮ್ಮ ಜನ್ಮಸಿದ್ಧ ಹಕ್ಕು ಎಂದು ಒಂದಿಡೀ ಪೀಳಿಗೆಯ ಕೆಲವು ಹುಡುಗರಿಗೆ ಯಾರು ಕಲಿಸಿದರು? ಆಟಿಕೆ ಅಂಗಡಿಯ ಆ ಸಾಲನ್ನು ನೆನೆಸಿಕೊಳ್ಳಿ.

ಇದಾದ ಮರುವರ್ಷ, 2015ರಲ್ಲಿ, ಜಪಾನಿನ ಖ್ಯಾತ ಆಟಗಾರಿಕೆಯ ಕರ್ತೃ ಹಿಡಿಯೊ ಕೊಜಿಮಾ 'ಮೆಟಲ್ ಗೇರ್ ಸಾಲಿಡ್ 5' ಬಿಡುಗಡೆ ಮಾಡಿದ. ಅದರಲ್ಲಿ ಕ್ವಾಯೆಟ್ ಎಂಬ ಬಂದೂಕುಗಾರ್ತಿ ಯುದ್ಧಭೂಮಿಯಲ್ಲಿ ಬಿಕಿನಿ, ಹರಿದ ಕಾಲುಚೀಲಗಳಲ್ಲಿ ಓಡಾಡುತ್ತಾಳೆ. ಎರಡು ವರ್ಷ ಮೊದಲೇ ಟೀಕೆ ಬಂದಾಗ, ಕಾರಣ ತಿಳಿದ ಮೇಲೆ ನಿಮ್ಮ ಮಾತಿಗೆ ನೀವೇ ನಾಚುವಿರಿ ಎಂಬರ್ಥದಲ್ಲಿ ಕೊಜಿಮಾ ಹೇಳಿದ್ದ. ಕಾರಣ ಹೊರಬಿತ್ತು: ಸುಟ್ಟ ಮೈಗೆ ಪರಾವಲಂಬಿ ಜೀವಿಗಳ ಚಿಕಿತ್ಸೆ ಆಗಿದೆ, ಆಕೆ ಚರ್ಮದಿಂದಲೇ ಉಸಿರಾಡುತ್ತಾಳೆ, ಬಟ್ಟೆ ತೊಟ್ಟರೆ ಉಸಿರುಗಟ್ಟುತ್ತದೆ! ಇದೇ ಸರಣಿಯ 2004ರ ಆಟದಲ್ಲಿ ಪರಾವಲಂಬಿ ಜೀವಿಗಳ ನೆರವಿನಿಂದ ಗಿಡದಂತೆ ಬಿಸಿಲು ಹೀರಿ ಬದುಕುವ ಮುದುಕನೊಬ್ಬನಿದ್ದಾನೆ. ಅವನ ಮೈತುಂಬ ಬಟ್ಟೆ. ಕಥೆಯಲ್ಲಿ ಮೊದಲು ತೀರ್ಮಾನ ಮಾಡಿ ಆಮೇಲೆ ಕಾರಣ ಹೊಸೆಯುವ ವಿದ್ಯೆ ನಮ್ಮ ಕಸುಬಿನವರಿಗೂ ಗೊತ್ತು. ಸಿಕ್ಕಿಬೀಳುವುದು ಇಂಥ ಮುದುಕರಿಂದಲೇ.

ಪರದೆಯ ಹಿಂದೆ ಕೂತು ಈ ಬೊಂಬೆಗಳಿಗೆ ದನಿ, ಬಣ್ಣ, ಚಲನೆ ಕೊಡುವ ಹೆಣ್ಣುಮಕ್ಕಳ ಕಥೆ ಬರೆದರೆ ಅದೇ ಇನ್ನೊಂದು ಲೇಖನವಾದೀತು. 2016ರಲ್ಲಿ ದಕ್ಷಿಣ ಕೊರಿಯಾದ ನೆಕ್ಸಾನ್ ಕಂಪೆನಿಯ ಆಟವೊಂದಕ್ಕೆ ದನಿ ಕೊಟ್ಟಿದ್ದ ಕಲಾವಿದೆ, ಹುಡುಗಿಯರಿಗೆ ರಾಜಕುಮಾರ ಬೇಕಾಗಿಲ್ಲ ಎಂಬರ್ಥದ ಬರಹವಿದ್ದ ಟೀಶರ್ಟ್ ತೊಟ್ಟ ಚಿತ್ರ ಹಾಕಿದಳು. ಗಂಡು ಆಟಗಾರರು ರೊಚ್ಚಿಗೆದ್ದರು, ಆಕೆಯ ದನಿಯನ್ನು ಆಟದಿಂದ ತೆಗೆಯಲಾಯಿತು. ಆಟದ ಹುಡುಗಿಯರು ಏನು ತೊಟ್ಟರೂ, ತೊಡದಿದ್ದರೂ ನಡೆಯುತ್ತದೆ. ದನಿ ಕೊಟ್ಟವಳು ತೊಟ್ಟ ಅಂಗಿ ಮಾತ್ರ ಸಹಿಸಲಾಗಲಿಲ್ಲ. ಅಮೆರಿಕದಲ್ಲಿ 2021ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ಆಕ್ಟಿವಿಷನ್ ಬ್ಲಿಝರ್ಡ್ ಮೇಲೆ ಮೊಕದ್ದಮೆ ಹೂಡಿತು. 2023ರ ಕೊನೆಯಲ್ಲಿ ಸುಮಾರು 5 ಕೋಟಿ 40 ಲಕ್ಷ ಡಾಲರಿಗೆ ರಾಜಿಯಾಯಿತು. ಮಹಿಳೆಯರಿಗೆ ವೇತನ, ಬಡ್ತಿಯಲ್ಲಿ ತಾರತಮ್ಯವಾಗಿದೆ ಎಂಬುದರ ಪರಿಹಾರಕ್ಕೇ ಅದರ ಬಹುಪಾಲು. ಲೈಂಗಿಕ ಕಿರುಕುಳದ ಆರೋಪಗಳನ್ನು ರಾಜಿಯಲ್ಲಿ ಕೈಬಿಡಲಾಯಿತು.

ಹೆಣ್ಣಿನ ಉಡುಪು ಎಂದೊಡನೆ ನಮ್ಮಲ್ಲೂ ಗಂಡಸರ ಸಭೆ ಸೇರುತ್ತದೆ, ತೀರ್ಮಾನವೂ ಆಗುತ್ತದೆ. ಎಷ್ಟು ಮುಚ್ಚಬೇಕು ಎಂಬುದು ನಮ್ಮ ಸಭೆಯ ಅಜೆಂಡಾ, ಎಷ್ಟು ತೆರೆಯಬೇಕು ಎಂಬುದು ಗೇಮ್ ಕಂಪೆನಿಗಳ ಸಭೆಯ ಅಜೆಂಡಾ. ಮನೆಯ ಹುಡುಗ ಇಂಥ ಆಟ ಆಡುತ್ತಿದ್ದರೆ ತೌಬಾ ಎಂದು ಸ್ವಿಚ್ ಆರಿಸುವ ಅಬ್ಬಾಜಾನರು, ಅವಳು ಹೀಗೇಕೆ ಇದ್ದಾಳೆ ಅನ್ನಿಸುತ್ತದೆ ನಿನಗೆ ಎಂದು ಅವನನ್ನು, ಅವನಿಗಿಂತ ಮೊದಲು ಅವನ ತಂಗಿಯನ್ನು, ಒಮ್ಮೆ ಕೇಳಿ ನೋಡಬಹುದು.

ಇಷ್ಟು ಹೇಳಿದ ಮೇಲೆ ಮಾಯ್ ಶಿರನುಯಿಯ ಈಚಿನ ಸಮಾಚಾರವನ್ನೂ ಹೇಳಬೇಕು. ಆಕೆಯನ್ನು ಹುಟ್ಟಿಸಿದ ಎಸ್‌ಎನ್‌ಕೆ ಕಂಪೆನಿಯ ಶೇಕಡಾ 96ರಷ್ಟು ಪಾಲನ್ನು 2022ರ ಏಪ್ರಿಲ್ ವೇಳೆಗೆ ಸೌದಿ ಅರೇಬಿಯಾದ ಯುವರಾಜ ಮುಹಮ್ಮದ್ ಬಿನ್ ಸಲ್ಮಾನ್ ಸ್ಥಾಪಿಸಿದ ಮಿಸ್ಕ್ ಪ್ರತಿಷ್ಠಾನದ ಅಂಗಸಂಸ್ಥೆ ಕೊಂಡುಕೊಂಡಿತು. ಜಪಾನಿನ ಕೆಂಪು ಉಡುಪಿನ ಹುಡುಗಿ ರಿಯಾದಿನ ಆಸ್ತಿಯಾದಳು. 2025ರ ಏಪ್ರಿಲಿನಲ್ಲಿ ಬಂದ ಹೊಸ 'ಫೇಟಲ್ ಫ್ಯೂರಿ'ಯಲ್ಲಿ ಆಕೆ ಚರ್ಮದ ಜಾಕೆಟ್ ತೊಟ್ಟಿದ್ದಾಳೆ. ಒಡೆಯರು ಹೊದಿಸಿದರು ಎಂದು ಒಂದು ಗುಂಪು, ಕಾಲ ಬದಲಾಗಿದೆ ಎಂದು ಇನ್ನೊಂದು ಗುಂಪು ವಾದಿಸುತ್ತಿವೆ. ಅದೇ ವರ್ಷದ ಫೆಬ್ರವರಿಯಲ್ಲಿ ಆಕೆ ಅತಿಥಿಯಾಗಿ 'ಸ್ಟ್ರೀಟ್ ಫೈಟರ್ 6'ಕ್ಕೂ ಬಂದಿದ್ದಳು. ಅಲ್ಲಿಯೂ ಮೊದಲು ಸಿಗುವುದು ಜಾಕೆಟ್ಟೇ. ಹಳೆಯ ಕೆಂಪು ಉಡುಪು ಬೇಕೆನ್ನುವವರು ಗಂಟೆಗಟ್ಟಲೆ ಆಡಿ ಅದನ್ನು ಸಂಪಾದಿಸಬೇಕು, ಇಲ್ಲವೇ ದುಡ್ಡು ತೆರಬೇಕು.